ಕುಡಿತ ಬಿಟ್ಟವರಿಗೂ ಬಜೆಟ್‌ನಲ್ಲಿ ಒಂದು ಸಾಲು ಇಡಿ

ಮಾನ್ಯ ಸಂಪಾದಕರೇ,

ಬಜೆಟ್ ಬರುವ ಮುಂಚೆ ಯಾರಿಗೆ ಏನು ಬೇಕು ಎಂದು ಎಲ್ಲರೂ ತಮ್ಮ ಪತ್ರಿಕೆಗೆ ಬರೆಯುತ್ತಾರೆ. ರಸ್ತೆ, ಕೆರೆ, ಬಸ್ಸು, ಕಾಲೇಜು, ಎಲ್ಲವೂ ನ್ಯಾಯವಾದ ಬೇಡಿಕೆಗಳೇ. ನನ್ನದು ಇದುವರೆಗೆ ಯಾರೂ ಕೇಳಿದ್ದು ನಾನು ನೋಡಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಕುಡಿತದಿಂದ ಹೊರಬಂದು ಈಗ ಇನ್ನೊಬ್ಬರನ್ನು ಹೊರತರುತ್ತಿರುವವರಿಗೆ, ಮಾನಸಿಕ ಕಾಯಿಲೆಯಿಂದ ಚೇತರಿಸಿಕೊಂಡು ಅದೇ ಕಾಯಿಲೆಯವರ ಪಕ್ಕದಲ್ಲಿ ಕೂರುತ್ತಿರುವವರಿಗೆ ಸರ್ಕಾರ ತಿಂಗಳಿಗಿಷ್ಟು ಗೌರವಧನ, ಬಸ್ ಚಾರ್ಜು, ಸರಿಯಾದ ತರಬೇತಿ ಮತ್ತು ಆಸ್ಪತ್ರೆಯಲ್ಲಿ ಕೂರಲು ಒಂದು ಕೋಣೆ ಕೊಡಬೇಕು.

ನಾನು ಚಿತ್ರದುರ್ಗ ಜಿಲ್ಲೆಯ ಒಂದು ತಾಲ್ಲೂಕು ಕೇಂದ್ರದಲ್ಲಿ ಹೊಲಿಗೆ ಅಂಗಡಿ ಇಟ್ಟುಕೊಂಡಿದ್ದೇನೆ. ನಮ್ಮ ಮನೆಯವರು ಗಾರೆ ಕೆಲಸದವರು. ಅವರು ಕುಡಿತ ಬಿಟ್ಟು ಹತ್ತು ವರ್ಷದ ಮೇಲಾಯಿತು. ಅದು ಹೇಗಾಯಿತು ಎಂಬ ಕತೆ ಇಲ್ಲಿ ಬೇಡ; ಎಷ್ಟೋ ಮನೆಗಳ ಕತೆಯೂ ಅದೇ. ಬಿಟ್ಟ ಮೇಲೆ ಅವರು ಏನು ಮಾಡುತ್ತಿದ್ದಾರೆ ಎಂಬುದನ್ನು ಮಾತ್ರ ಹೇಳುತ್ತೇನೆ.

ನಮ್ಮ ರಾಜ್ಯದಲ್ಲಿ 2014ರಿಂದ ‘ಮನೋಚೈತನ್ಯ’ ಎಂಬ ಕಾರ್ಯಕ್ರಮ ನಡೆಯುತ್ತಿದೆ. ಮಂಗಳವಾರದ ದಿನ ಮನೋವೈದ್ಯರು ತಾಲ್ಲೂಕು ಆಸ್ಪತ್ರೆಗೆ ಬಂದು ರೋಗಿಗಳನ್ನು ನೋಡುತ್ತಾರೆ, ಮಾತ್ರೆ ಉಚಿತವಾಗಿ ಸಿಗುತ್ತದೆ. ಒಳ್ಳೆಯ ಕಾರ್ಯಕ್ರಮ, ನಮ್ಮಂಥ ಊರಿನವರಿಗೆ ದೊಡ್ಡ ಉಪಕಾರವೇ. ಡಾಕ್ಟರು ಬರುವ ಮಂಗಳವಾರ ನಮ್ಮ ಮನೆಯವರು ಕೆಲಸಕ್ಕೆ ಹೋಗುವುದಿಲ್ಲ. ಬೆಳಿಗ್ಗೆಯೇ ಹೋಗಿ ಆ ಕೋಣೆಯ ಹೊರಗಿನ ಬೆಂಚಿನ ಮೇಲೆ ಕೂರುತ್ತಾರೆ. ಅವರನ್ನು ಯಾರೂ ನೇಮಿಸಿಲ್ಲ. ಯಾವ ರಿಜಿಸ್ಟರಿನಲ್ಲೂ ಅವರ ಹೆಸರಿಲ್ಲ.

ಒಮ್ಮೆ ಅವರಿಗೆ ಊಟದ ಡಬ್ಬಿ ಕೊಡಲು ಹೋದಾಗ ನಾನು ಕಣ್ಣಾರೆ ನೋಡಿದ್ದು ಇದು. ಮೂವತ್ತರ ಆಸುಪಾಸಿನ ಒಬ್ಬನನ್ನು ಅವನ ತಾಯಿ ಕರೆದುಕೊಂಡು ಬಂದಿದ್ದರು. ಚೀಟಿ ಹಿಡಿದ ಅವನ ಕೈ ನಡುಗುತ್ತಿತ್ತು. ಮುಖ ಗೋಡೆ ಕಡೆ ತಿರುಗಿಸಿಕೊಂಡಿದ್ದ. ತಾಯಿ ಎಲ್ಲರಿಗೂ ಕೇಳುವಂತೆ ಅವನನ್ನು ಬೈಯುತ್ತಿದ್ದರು. ನಮ್ಮ ಮನೆಯವರು ಪಕ್ಕಕ್ಕೆ ಸರಿದು ಕೂತು, ಬುದ್ಧಿವಾದ ಗಿದ್ಧಿವಾದ ಏನೂ ಹೇಳದೆ, ಮೆಲ್ಲಗೆ ಒಂದೇ ಮಾತು ಕೇಳಿದರು. ‘ತಮ್ಮಾ, ಬೆಳಿಗ್ಗೆ ಹಲ್ಲುಜ್ಜುವಾಗ ಓಕರಿಕೆ ಬರುತ್ತಾ?’ ಅವನು ತಟ್ಟನೆ ತಿರುಗಿ ನೋಡಿದ. ‘ಬರುತ್ತಣ್ಣ.’ ‘ಒಂದು ಕ್ವಾರ್ಟರ್ ಒಳಗೆ ಹೋದಮೇಲೇ ಕೈ ನಿಲ್ಲೋದು, ಅಲ್ವಾ?’ ‘ಹೌದಣ್ಣ.’ ಆಮೇಲೆ ಅವನೇ ಮಾತು ಶುರು ಮಾಡಿದ. ಡಾಕ್ಟರು ಕರೆಯುವ ಹೊತ್ತಿಗೆ ದಿನಕ್ಕೆ ಎಷ್ಟು ಕುಡಿಯುತ್ತೇನೆ, ಯಾವಾಗಿಂದ, ರಾತ್ರಿ ನಿದ್ದೆ ಹೇಗೆ, ಹಿಂದೆ ಬಿಡಲು ಹೋದಾಗ ಏನಾಯಿತು, ಎಲ್ಲವನ್ನೂ ಹೇಳಿಯಾಗಿತ್ತು. ಒಳಗೆ ಹೋಗಿಯೂ ಸುಳ್ಳು ಹೇಳಲಿಲ್ಲ. ‘ಒಂದೇ ಏಟಿಗೆ ಬಿಟ್ಟುಬಿಡ್ತೀನಿ ಅಂತ ಮನೇಲಿ ಕೂರಬೇಡ, ಡಾಕ್ಟರು ಹೇಳಿದ ಹಾಗೆ ಮಾಡು, ಇಲ್ಲದಿದ್ದರೆ ಫಿಟ್ಸ್ ಬರುತ್ತೆ, ನನಗೆ ಬಂದಿತ್ತು’ ಎಂದು ಇವರು ಹೇಳಿ ಕಳಿಸಿದರು.

ಆ ಕಡೆಯ ಮಾತು ಎಷ್ಟು ಮುಖ್ಯ ಎಂಬುದು ನಮ್ಮ ಹಳ್ಳಿಗಳಲ್ಲಿ ಇನ್ನೂ ಗೊತ್ತಿಲ್ಲ. ವರ್ಷಗಟ್ಟಲೆ ದಿನಾ ಕುಡಿದವನು ಮಾತ್ರೆ ಇಲ್ಲದೆ ಏಕಾಏಕಿ ನಿಲ್ಲಿಸಿದರೆ ಎರಡು ಮೂರು ದಿನದೊಳಗೆ ಮೈ ನಡುಗುತ್ತದೆ, ಕೆಲವರಿಗೆ ಫಿಟ್ಸ್ ಬರುತ್ತದೆ, ಇನ್ನು ಕೆಲವರಿಗೆ ಗೋಡೆಯ ಮೇಲೆ ಹುಳ ಹರಿದಾಡಿದಂತೆ ಕಾಣುತ್ತದೆ, ಇಲ್ಲದವರ ದನಿ ಕೇಳುತ್ತದೆ. ಮನೆಯವರು ಗಾಳಿ ಸೋಕಿದೆ ಎಂದು ತಾಯತ ಕಟ್ಟಿಸಲು ಓಡುತ್ತಾರೆ. ಅಷ್ಟರಲ್ಲಿ ಜೀವವೇ ಹೋಗಬಹುದು. ಇದು ಆಸ್ಪತ್ರೆಗೆ ಸೇರಿಸಬೇಕಾದ ಸ್ಥಿತಿ ಎಂದು ಗುರುತು ಹಿಡಿದು ಗಾಡಿ ಹತ್ತಿಸುವ ಒಬ್ಬ ಮನುಷ್ಯ ಊರಲ್ಲಿ ಇದ್ದರೆ ಒಂದು ಮನೆ ಉಳಿಯುತ್ತದೆ.

ಹೆಂಗಸರ ಪಾಲಿನ ಕೆಲಸ ನನ್ನ ಅಂಗಡಿಯಲ್ಲಿ ನಡೆಯುತ್ತದೆ. ಗಂಡನ ಕುಡಿತದ ಮಾತಾಡಲು ಯಾವ ಹೆಂಗಸೂ ಬೋರ್ಡು ಹಾಕಿದ ಕಚೇರಿಗೆ ಹೋಗುವುದಿಲ್ಲ. ಬ್ಲೌಸ್ ಪೀಸ್ ಹಿಡಿದು ನನ್ನ ಅಂಗಡಿಗೆ ಬರುತ್ತಾರೆ. ಅಳತೆ ತೆಗೆಯುವಾಗ ತೋಳಿನ ಮೇಲೆ ಬಾಸುಂಡೆ ಕಾಣುತ್ತದೆ. ನಾನು ಕೇಳುವುದಿಲ್ಲ, ನಮ್ಮ ಮನೆಯಲ್ಲೂ ಹೀಗಿತ್ತು ಎಂದಷ್ಟೇ ಹೇಳುತ್ತೇನೆ. ಗೃಹಲಕ್ಷ್ಮಿಯ 2,000 ರೂಪಾಯಿ ಬಂದ ದಿನವೇ ಕಿತ್ತುಕೊಂಡ ಸಂಗತಿ, ಸಂಘದ ಸಾಲದ ಕಂತು, ಮಗಳ ಶಾಲೆ, ಎಲ್ಲ ಆಗ ಹೊರಗೆ ಬರುತ್ತದೆ. ಬಹಳ ಮಂದಿ ಕೇಳುವುದು ಒಂದೇ: ‘ಕುಡಿತ ಬಿಡಿಸೋ ಪುಡಿ ಅಂತ ಫೋನಿನಲ್ಲಿ ಜಾಹೀರಾತು ಬರುತ್ತಲ್ಲ ಅಕ್ಕಾ, ಸಾರಿಗೆ ಬೆರೆಸಿ ಕೊಡ್ಲಾ?’ ಬೇಡ ಎಂದು ಕೈ ಹಿಡಿದು ಹೇಳುತ್ತೇನೆ. ಅಂಥ ಪುಡಿಯಲ್ಲಿ ಏನಿದೆಯೋ ಯಾರಿಗೆ ಗೊತ್ತು. ಕುಡಿತ ಬಿಡಿಸಲು ಇರುವ ಡೈಸಲ್ಫಿರಾಂ ಎಂಬ ಔಷಧಿಯನ್ನು ಡಾಕ್ಟರು ಕುಡಿಯುವವರ ಒಪ್ಪಿಗೆ ಪಡೆದು, ಪರೀಕ್ಷೆ ಮಾಡಿ ಕೊಡುತ್ತಾರೆ. ಅದು ಹೊಟ್ಟೆಯಲ್ಲಿರುವುದು ಗೊತ್ತಿಲ್ಲದೆ ಮೇಲೆ ಕುಡಿದರೆ ಎದೆ ಹೊಡೆದುಕೊಂಡು, ಬಿಪಿ ಬಿದ್ದು, ಪ್ರಾಣಕ್ಕೇ ಕುತ್ತು. ಈ ಪತ್ರ ಓದುವ ಅಕ್ಕತಂಗಿಯರಿಗೂ ಇದೇ ಮಾತು: ಕಳ್ಳತನದಲ್ಲಿ ಏನನ್ನೂ ಬೆರೆಸಬೇಡಿ.

ಮಾನಸಿಕ ಕಾಯಿಲೆಯ ವಿಷಯದಲ್ಲೂ ಹೀಗೆಯೇ. ನಮ್ಮ ಬೆಂಚಿಗೆ ಈಗ ಒಬ್ಬ ಹುಡುಗ ಬರುತ್ತಾನೆ. ಡಿಗ್ರಿ ಓದುವಾಗ ಕಿವಿಯಲ್ಲಿ ದನಿ ಕೇಳಲು ಶುರುವಾಗಿ, ಎಲ್ಲೆಲ್ಲೋ ಅಲೆದು, ಕಡೆಗೆ ಮಾತ್ರೆಯಿಂದ ಹದಕ್ಕೆ ಬಂದವನು. ಈಗ ಮೊಬೈಲ್ ರಿಪೇರಿ ಅಂಗಡಿಯಲ್ಲಿ ದುಡಿಯುತ್ತಾನೆ. ಮಾತ್ರೆ ನಿಲ್ಲಿಸಿದವರನ್ನು ಡಾಕ್ಟರು ‘ಯಾಕೆ ನಿಲ್ಲಿಸಿದಿರಿ’ ಎಂದರೆ ಸುಮ್ಮನಿರುತ್ತಾರೆ. ಇವನ ಹತ್ತಿರ ಹೇಳುತ್ತಾರೆ. ನಾಲಿಗೆ ದಪ್ಪ ಆದ ಹಾಗಾಗುತ್ತದೆ, ಕೈ ನಡುಗುತ್ತದೆ, ಹಗಲೆಲ್ಲ ಮಂಪರು, ಮೈ ಬಂದುಬಿಟ್ಟಿದೆ, ಹೆಣ್ಣು ಕೊಡುವವರಿಲ್ಲ. ಅವನು ‘ನನಗೂ ಹಾಗೇ ಆಗಿತ್ತು, ನಡುಕಕ್ಕೆ ಬೇರೆ ಮಾತ್ರೆ ಇದೆ, ಡೋಸ್ ಕಡಿಮೆ ಮಾಡಬಹುದು, ಬಾ ಇಬ್ಬರೂ ಹೋಗಿ ಹೇಳೋಣ’ ಎಂದು ಎದ್ದು ನಿಲ್ಲುತ್ತಾನೆ. ಆ ‘ಇಬ್ಬರೂ ಹೋಗಿ ಹೇಳೋಣ’ ಎಂಬುದನ್ನು ಸರ್ಕಾರದ ಯಾವ ಹುದ್ದೆಯೂ ಇವತ್ತು ಮಾಡುತ್ತಿಲ್ಲ. ಅವನು ಬಂದ ದಿನದ ಸಂಬಳವನ್ನು ಅಂಗಡಿಯವರು ಹಿಡಿಯುತ್ತಾರೆ.

ಮಾನಸಿಕ ಆರೋಗ್ಯದಲ್ಲಿ ನಮ್ಮ ರಾಜ್ಯಕ್ಕೆ ದೊಡ್ಡ ಹೆಸರಿದೆ. 1985ರಲ್ಲಿ ಬೆಂಗಳೂರಿನ ಮಾನಸಿಕ ಆರೋಗ್ಯ ಸಂಸ್ಥೆ ನಿಮ್ಹಾನ್ಸ್‌ನವರು ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರದ ಮಟ್ಟದಲ್ಲೇ ಮಾನಸಿಕ ಕಾಯಿಲೆಗೆ ಚಿಕಿತ್ಸೆ ಕೊಡಬಹುದು ಎಂದು ತೋರಿಸಿಕೊಟ್ಟರು. ಆ ಬಳ್ಳಾರಿ ಮಾದರಿಯನ್ನೇ ಇಟ್ಟುಕೊಂಡು 1996ರಲ್ಲಿ ದೇಶಕ್ಕೆಲ್ಲ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಬಂತು. ನಮ್ಮ ಪಕ್ಕದ ಜಿಲ್ಲೆಯಲ್ಲಿ ಹುಟ್ಟಿದ್ದು ಎಂದು ನನಗೆ ಹೆಮ್ಮೆ. ಆದರೆ ಆ ಕಾರ್ಯಕ್ರಮದ ತಂಡದಲ್ಲಿ ಯಾರಿದ್ದಾರೆ ನೋಡಿ: ಮನೋವೈದ್ಯರು, ಮನಶ್ಶಾಸ್ತ್ರಜ್ಞರು, ಸಮಾಜ ಕಾರ್ಯಕರ್ತರು, ನರ್ಸುಗಳು, ದಾಖಲೆ ಬರೆಯುವವರು. ಕಾಯಿಲೆ ಅನುಭವಿಸಿದವರಿಗೆ ಅಲ್ಲಿ ಒಂದು ಕುರ್ಚಿಯೂ ಇಲ್ಲ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಮಾತ್ರ ರಾಜ್ಯ ಮಾನಸಿಕ ಆರೋಗ್ಯ ಪ್ರಾಧಿಕಾರದಲ್ಲಿ ಕಾಯಿಲೆ ಅನುಭವಿಸಿದವರ ಪ್ರತಿನಿಧಿಗಳು ಇರಬೇಕು ಎನ್ನುತ್ತದೆ. ಮದ್ಯ, ಮಾದಕ ವಸ್ತುಗಳಿಂದ ಬರುವ ಮಾನಸಿಕ ತೊಂದರೆಯೂ ಕಾಯ್ದೆಯ ಪ್ರಕಾರ ಮಾನಸಿಕ ಕಾಯಿಲೆಯೇ. ಬೆಂಗಳೂರಿನ ಸಭೆಯಲ್ಲಿ ಅನುಭವಸ್ಥರು ಬೇಕು ಎಂದು ಕಾನೂನೇ ಒಪ್ಪಿರುವಾಗ ತಾಲ್ಲೂಕು ಆಸ್ಪತ್ರೆಯ ಬೆಂಚಿನ ಬಳಿ ಅವರು ಬೇಡವೇ?

ಈ ಬೆಂಚಿಗೆ ಬಂದು ಮುಟ್ಟುವವರೇ ಕಡಿಮೆ ಎಂಬುದು ಇನ್ನೊಂದು ಸಂಕಟ. ನಿಮ್ಹಾನ್ಸ್ 2015-16ರಲ್ಲಿ ನಡೆಸಿದ ರಾಷ್ಟ್ರೀಯ ಸಮೀಕ್ಷೆ ಪ್ರಕಾರ ಮದ್ಯದ ತೊಂದರೆಯಿರುವ ಶೇ 86ರಷ್ಟು ಜನರಿಗೆ ಚಿಕಿತ್ಸೆಯೇ ಸಿಕ್ಕಿಲ್ಲ. ಕೇಂದ್ರ ಸರ್ಕಾರಕ್ಕಾಗಿ ದೆಹಲಿಯ ಏಮ್ಸ್‌ನವರು ಮಾಡಿ 2019ರಲ್ಲಿ ಕೊಟ್ಟ ವರದಿಯಲ್ಲಿ, ಮದ್ಯಕ್ಕೆ ಪೂರ್ತಿ ದಾಸರಾದವರಲ್ಲಿ 38 ಜನರಿಗೆ ಒಬ್ಬರು ಮಾತ್ರ ಏನಾದರೊಂದು ಚಿಕಿತ್ಸೆ ಪಡೆದಿದ್ದಾರೆ. ಆಸ್ಪತ್ರೆಗೆ ಸೇರಿ ಚಿಕಿತ್ಸೆ ಪಡೆದವರು 180ಕ್ಕೆ ಒಬ್ಬರು. ಮಿಕ್ಕವರನ್ನು ಕರೆತರುವವರು ಯಾರು? ಆಶಾ ಕಾರ್ಯಕರ್ತೆಯರು ಎಂದು ಅಧಿಕಾರಿಗಳು ಹೇಳುತ್ತಾರೆ. ಆ ಹೆಣ್ಣುಮಕ್ಕಳು ತಮ್ಮ ಗೌರವಧನಕ್ಕಾಗಿಯೇ 2025ರ ಜನವರಿಯಲ್ಲಿ ಬೆಂಗಳೂರಿನ ಚಳಿಯಲ್ಲಿ ಹಗಲೂ ರಾತ್ರಿ ಕೂರಬೇಕಾಯಿತು. ಅವರ ತಲೆಯ ಮೇಲೆ ಇದನ್ನೂ ಹೊರಿಸುವುದು ಅನ್ಯಾಯ.

ಹೋಗಲಿ, ಅನುಭವಸ್ಥರಿಗೆ ಸರ್ಕಾರ ದುಡ್ಡು ಕೊಟ್ಟ ಉದಾಹರಣೆ ಇಲ್ಲವೇ? ಇದೆ, ನಮ್ಮ ರಾಜ್ಯದಲ್ಲೇ ಇದೆ. ಅಂಗವಿಕಲರಿಗಾಗಿ ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು, ತಾಲ್ಲೂಕಿಗೆ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರು ಇದ್ದಾರೆ. ವಿಆರ್‌ಡಬ್ಲ್ಯು, ಎಂಆರ್‌ಡಬ್ಲ್ಯು ಎಂದು ಎಲ್ಲರಿಗೂ ಗೊತ್ತು. ಅವರು ಸ್ವತಃ ಅಂಗವಿಕಲರು. ಪಿಂಚಣಿ ಅರ್ಜಿ, ಅಂಗವಿಕಲರ ಗುರುತಿನ ಯುಡಿಐಡಿ ಕಾರ್ಡು ಎಂದು ಮನೆಮನೆಗೆ ಹೋಗುತ್ತಾರೆ, ಗೌರವಧನ ಪಡೆಯುತ್ತಾರೆ. ಎಚ್‌ಐವಿ ಕಾರ್ಯಕ್ರಮದಲ್ಲೂ ಹಾಗೇ. ಸೋಂಕಿಗೆ ಮಾತ್ರೆ ಕೊಡುವ ಎಆರ್‌ಟಿ ಕೇಂದ್ರದಲ್ಲಿ, ಮಾತ್ರೆ ಬಿಟ್ಟುಹೋದವರನ್ನು ಹುಡುಕಿ ಮಾತಾಡಿಸುವ ಕೇರ್ ಕೋಆರ್ಡಿನೇಟರ್ ಕೆಲಸಕ್ಕೆ ಸೋಂಕಿತರನ್ನೇ ತೆಗೆದುಕೊಳ್ಳುತ್ತಾರೆ. ಕಳಂಕ ಅಷ್ಟಿದ್ದ ಕಾಲದಲ್ಲೂ ಅದು ಸಾಧ್ಯವಾಯಿತು. ಕೇಂದ್ರದ ಮಾದಕ ವಸ್ತು ಬೇಡಿಕೆ ತಗ್ಗಿಸುವ ಯೋಜನೆಯಲ್ಲಿ ಹದಿಹರೆಯದ ಮಕ್ಕಳಿಗಾಗಿ ಅದೇ ವಯಸ್ಸಿನವರನ್ನು ತಯಾರು ಮಾಡುವ ಭಾಗವಿದೆ. ಆದರೆ ಅದು ಮಕ್ಕಳು ಚಟಕ್ಕೆ ಬೀಳದಂತೆ ತಡೆಯಲು. ನಲವತ್ತು ದಾಟಿದ ಗಾರೆಯವನನ್ನು, ಹಮಾಲಿಯನ್ನು, ಆಟೊದವನನ್ನು ಮೇಲೆತ್ತುವವರಿಗೆ ಅದರಲ್ಲಿ ಜಾಗವಿಲ್ಲ.

ಧರ್ಮಸ್ಥಳದ ಯೋಜನೆಯ ಜನಜಾಗೃತಿ ವೇದಿಕೆಯವರು ಊರೂರಲ್ಲಿ ಮದ್ಯವರ್ಜನ ಶಿಬಿರ ಮಾಡುತ್ತಾರೆ. ಬಿಟ್ಟವರದೇ ನವಜೀವನ ಸಮಿತಿಗಳೂ ಇವೆ. ಶಿಬಿರದ ವಾರ ಸುಲಭ, ಆಮೇಲಿನ ವರ್ಷ ಕಷ್ಟ ಎಂದು ಅಲ್ಲಿಂದ ಬಂದವರೇ ಹೇಳುತ್ತಾರೆ. ಮದುವೆ, ಜಾತ್ರೆ, ಯುಗಾದಿ ಮಾರನೆ ದಿನದ ಹೊಸತೊಡಕು, ಪಂಚಾಯಿತಿ ಎಲೆಕ್ಷನ್ನು, ಇವು ನಾಲ್ಕೂ ಬಿಟ್ಟವನನ್ನು ಕಾಯುವ ಗುಂಡಿಗಳು. ಹೊಸತೊಡಕಿನ ದಿನ ನಮ್ಮ ಮನೆಯವರ ಫೋನು ಬೆಳಿಗ್ಗೆಯಿಂದ ಬಿಡುವಿಲ್ಲದೆ ಬಡಿದುಕೊಳ್ಳುತ್ತದೆ. ‘ಅಣ್ಣಾ, ಬೀಗರು ಬಂದವ್ರೆ, ಕೂತ್ಕಳ್ಳಕ್ಕೆ ಆಗ್ತಿಲ್ಲ’ ಎನ್ನುತ್ತಾರೆ. ‘ಎದ್ದು ನಮ್ಮನೆಗೆ ಬಾ, ಊಟ ಇಲ್ಲೇ’ ಎನ್ನುತ್ತಾರೆ ಇವರು. ಆ ದಿನ ನಾನು ಹೆಚ್ಚಿಗೆ ಅಕ್ಕಿ ಹಾಕುತ್ತೇನೆ. ಮಾನಸಿಕ ತೊಂದರೆಯವರಿಗೆ 14416 ಎಂಬ ಟೆಲಿ ಮಾನಸ್ ಸಹಾಯವಾಣಿ, ವ್ಯಸನದವರಿಗೆ 14446, ಎರಡೂ ಇವೆ, ನಾನೂ ಎಲ್ಲರಿಗೂ ಆ ನಂಬರು ಬರೆದುಕೊಡುತ್ತೇನೆ. ಆದರೆ ಊಟಕ್ಕೆ ಕರೆಯುವುದು ಸಹಾಯವಾಣಿಯಿಂದ ಆಗುವ ಕೆಲಸವಲ್ಲ.

ಈಗ ದುಡ್ಡಿನ ಮಾತು. 2025-26ರ ಬಜೆಟ್‌ನಲ್ಲಿ ಅಬಕಾರಿ ಇಲಾಖೆಗೆ ಹಾಕಿದ ಗುರಿ 40,000 ಕೋಟಿ ರೂಪಾಯಿ. ದಿನಕ್ಕೆ ಹಂಚಿದರೆ ಸುಮಾರು 110 ಕೋಟಿ. ರಾಜ್ಯದಲ್ಲಿ ಸುಮಾರು 240 ತಾಲ್ಲೂಕುಗಳಿವೆ. ತಾಲ್ಲೂಕಿಗೆ ಒಬ್ಬ ಗಂಡಸು, ಒಬ್ಬ ಹೆಂಗಸು ಎಂದು ಇಬ್ಬರನ್ನು ಇಟ್ಟುಕೊಂಡು ತಿಂಗಳಿಗೆ ತಲಾ 15,000 ರೂಪಾಯಿ ಕೊಟ್ಟರೂ ವರ್ಷಕ್ಕೆ 9 ಕೋಟಿ ದಾಟುವುದಿಲ್ಲ. ಬಸ್ ಚಾರ್ಜು, ಫೋನು, ತರಬೇತಿ ಎಂದು ಅಷ್ಟೇ ಮೊತ್ತ ಇನ್ನೊಮ್ಮೆ ಸೇರಿಸಿ. ಆಗಲೂ ಅದು ಮದ್ಯದಿಂದ ಸರ್ಕಾರಕ್ಕೆ ನಾಲ್ಕು ಗಂಟೆಯಲ್ಲಿ ಬರುವ ಹಣ. ನಾನು ಹೊಲಿಗೆಯವಳು, ಲೆಕ್ಕ ಎರಡು ಸಲ ಅಳೆದಿದ್ದೇನೆ. ಆ ಹಣ ಯಾರ ಜೇಬಿನದು ಎಂಬುದನ್ನೂ ಒಮ್ಮೆ ನೋಡಿ. ದೊಡ್ಡ ಹೋಟೆಲಿನವರದು ಎಷ್ಟಿದೆಯೋ ನನಗೆ ತಿಳಿಯದು. 90 ಎಂಎಲ್ ಪ್ಯಾಕೆಟ್ಟಿಗೆ ಕೂಲಿಯವರು ಕೊಟ್ಟದ್ದೂ ಅದರಲ್ಲಿದೆ. ಅದರಲ್ಲಿ ಒಂದು ಚೂರು ಅವರ ಮನೆ ಉಳಿಸಲು ವಾಪಸು ಬರಬೇಕು ಎಂಬುದು ಭಿಕ್ಷೆಯಲ್ಲ.

ಪೂರ್ತಿ ಮದ್ಯ ನಿಷೇಧವೇ ಆಗಲಿ ಎನ್ನುವವರಿದ್ದಾರೆ. 2019ರ ಜನವರಿಯಲ್ಲಿ ನಮ್ಮ ಚಿತ್ರದುರ್ಗದಿಂದಲೇ ಸಾವಿರಾರು ಹೆಂಗಸರು ಬೆಂಗಳೂರಿಗೆ 200 ಕಿಲೋಮೀಟರ್ ನಡೆದು ಅದನ್ನೇ ಕೇಳಿದರು. ಅವರ ಕಾಲಿನ ಬೊಬ್ಬೆಗೆ ಬೆಲೆ ಸಿಗಲಿಲ್ಲ ಎಂಬ ನೋವು ನನಗೆ ಇವತ್ತೂ ಇದೆ. 2007ರಲ್ಲಿ ಸಾರಾಯಿ ನಿಂತಾಗ ನಾವು ಖುಷಿಪಟ್ಟಿದ್ದೆವು. ಕುಡಿಯುವವರು ಅದಕ್ಕಿಂತ ದುಬಾರಿಯ ವಿಸ್ಕಿ ಪ್ಯಾಕೆಟ್ಟಿಗೆ ಹೋದರು. ನಿಷೇಧದ ವಾದ ನಡೆಯಲಿ. ಅದು ತೀರ್ಮಾನವಾಗುವ ತನಕ ಇವತ್ತು ನಡುಗುತ್ತಾ ಕೂತಿರುವವನ ಪಕ್ಕದಲ್ಲಿ ಯಾರಾದರೂ ಕೂರಬೇಕಲ್ಲ. ಗೋಡೆಬರಹ, ಬೀದಿನಾಟಕ, ಶಾಲಾ ಮಕ್ಕಳ ಜಾಥಾಗಳಿಗೆ ಖರ್ಚು ಮಾಡುವ ಹಣದ ಬಗ್ಗೆಯೂ ಹೇಳಬೇಕು. ನನ್ನ ಅಂಗಡಿಗೆ ಬಂದ ಒಬ್ಬಳೂ ಗೋಡೆಬರಹ ನೋಡಿ ನನ್ನ ಗಂಡ ಬಿಟ್ಟ ಎಂದು ಹೇಳಿದ್ದಿಲ್ಲ.

ದುಡ್ಡು ಕೊಟ್ಟರೆ ಸೇವೆಯ ಮನಸ್ಸು ಕೆಡುತ್ತದೆ ಎಂದು ನಮ್ಮವರೇ ಕೆಲವರು ಹೇಳುತ್ತಾರೆ. 1935ರಲ್ಲಿ ಅಮೆರಿಕದಲ್ಲಿ ಶುರುವಾಗಿ ನಮ್ಮಲ್ಲಿಗೂ ಬಂದ, ಕುಡಿತ ಬಿಟ್ಟವರದೇ ಆದ ಆಲ್ಕೊಹಾಲಿಕ್ಸ್ ಅನಾನಿಮಸ್ ಸಂಘದವರು ಹೊರಗಿನ ಒಂದು ರೂಪಾಯಿಯನ್ನೂ ಮುಟ್ಟುವುದಿಲ್ಲ. ಅವರ ನಿಯಮಕ್ಕೆ ನಾನು ಕೈಮುಗಿಯುತ್ತೇನೆ. ಅವರ ಸಭೆ ಹಾಗೆಯೇ ಇರಲಿ. ನಾನು ಕೇಳುತ್ತಿರುವುದು ಬೇರೆ ಕೆಲಸಕ್ಕೆ. ಹೋಬಳಿ ಸುತ್ತಬೇಕು, ನಡುರಾತ್ರಿ ಆಂಬುಲೆನ್ಸ್ ಹತ್ತಬೇಕು, ಮಾತ್ರೆ ತಪ್ಪಿಸಿದವರ ಪಟ್ಟಿ ಹಿಡಿದು ಮನೆ ಹುಡುಕಬೇಕು. ಕೂಲಿಯವನು ಇದನ್ನೆಲ್ಲ ದಿನಗೂಲಿ ಕಳೆದುಕೊಂಡು ಎಷ್ಟು ವರ್ಷ ಮಾಡಿಯಾನು? ಶಕ್ತಿ ಯೋಜನೆಯಿಂದ ನನಗೆ ಬಸ್ಸು ಪುಕ್ಕಟೆ, ಪಕ್ಕದಲ್ಲಿ ಕೂತ ನಮ್ಮ ಮನೆಯವರಿಗೆ ಟಿಕೆಟ್ಟು. ನಾಲ್ಕು ಹಳ್ಳಿಗೆ ಹೋಗಬೇಕಾದಲ್ಲಿ ಎರಡಕ್ಕೆ ಹೋಗಿ ವಾಪಸು ಬರುವುದಕ್ಕೆ ಕಾರಣ ಮನಸ್ಸಿಲ್ಲದ್ದಲ್ಲ.

ಭಯವೂ ಇದೆ, ಮುಚ್ಚಿಡುವುದಿಲ್ಲ. ಹುದ್ದೆ ಎಂದು ಮಾಡಿದ ಕೂಡಲೇ ಶಿಫಾರಸು ಪತ್ರ ಹಿಡಿದವರು ಸಾಲು ನಿಲ್ಲುತ್ತಾರೆ. ಗ್ಲಾಸು ಮುಟ್ಟದವನೂ ಬಿಟ್ಟವನೆಂದು ಸರ್ಟಿಫಿಕೇಟು ತರುತ್ತಾನೆ. ಆದ್ದರಿಂದ ಆಯ್ಕೆಯನ್ನು ತಾಲ್ಲೂಕು ಆಸ್ಪತ್ರೆಗೆ ಬರುವ ಮನೋವೈದ್ಯರು, ಸಮಾಜ ಕಾರ್ಯಕರ್ತರು ಮತ್ತು ಅಲ್ಲಿ ಈಗಾಗಲೇ ನೆರವಾಗುತ್ತಿರುವವರು ಕೂಡಿ ಮಾಡಲಿ. ಎಸ್ಸೆಸ್ಸೆಲ್ಸಿ ಕಡ್ಡಾಯ ಎಂದು ಮಾತ್ರ ಹಾಕಬೇಡಿ. ನಮ್ಮ ಮನೆಯವರು ಏಳನೇ ಕ್ಲಾಸು. ತರಬೇತಿಗೆ ನಿಮ್ಹಾನ್ಸ್ ಇದೆ, ಧಾರವಾಡದಲ್ಲಿ ಅಂಥದೇ ಡಿಮ್ಹಾನ್ಸ್ ಸಂಸ್ಥೆ ಇದೆ. ಗೋವಾದಲ್ಲಿ ಸಂಗಾತ್ ಸಂಸ್ಥೆಯವರು ಡಾಕ್ಟರಲ್ಲದ ಸ್ಥಳೀಯರಿಗೆ ಕಲಿಸಿ, ಅತಿಯಾಗಿ ಕುಡಿಯುವವರನ್ನು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೇ ಹೆಚ್ಚೆಂದರೆ ನಾಲ್ಕು ಸಲ ಕೂರಿಸಿ ಮಾತಾಡಿಸಿ ಒಳ್ಳೆಯ ಫಲ ಕಂಡಿದ್ದಾರೆ. ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ 2017ರಲ್ಲಿ ಅದು ಬಂದಿದೆ. ಕಲಿಸಿದರೆ ನಮ್ಮವರೂ ಕಲಿಯುತ್ತಾರೆ. ಏನು ಹೇಳಬಾರದು, ಯಾವಾಗ ಡಾಕ್ಟರಿಗೆ ಒಪ್ಪಿಸಬೇಕು, ಸಾಯುವ ಮಾತಾಡುವವರ ಬಳಿ ಹೇಗೆ ಕೂರಬೇಕು ಎಂಬುದನ್ನು ನಾವು ಬಿದ್ದು ಎದ್ದು ಕಲಿತದ್ದಕ್ಕಿಂತ ಕ್ರಮವಾಗಿ ಕಲಿಸುವುದು ಮೇಲು.

ಹೀಗೆ ನೆರವಾಗುವವರೂ ಮನುಷ್ಯರೇ. ದಿನಾ ಇನ್ನೊಬ್ಬರ ಕುಡಿತದ ಕತೆ ಕೇಳುವವನಿಗೆ ತನ್ನ ಹಳೆಯ ಚಟ ಮತ್ತೆ ಎದ್ದೀತು. ಒಬ್ಬರು ಹಾಗೆ ಮತ್ತೆ ಜಾರಿದ್ದನ್ನು ನಾವು ನೋಡಿದೆವು. ಅವರನ್ನು ವಿಚಾರಿಸಿಕೊಳ್ಳಲು ನಮ್ಮನ್ನು ಬಿಟ್ಟು ಬೇರೆ ಯಾರೂ ಇರಲಿಲ್ಲ. ಆದ್ದರಿಂದ ಅವರ ಮೇಲೆ ಕಣ್ಣಿಡುವ, ತಿಂಗಳಿಗೊಮ್ಮೆ ಕೂತು ಅವರ ಕಷ್ಟ ಕೇಳುವ ಒಬ್ಬ ಹಿರಿಯ ಸಿಬ್ಬಂದಿ ಬೇಕು. ಜಾರಿದರೆ ಕೆಲಸದಿಂದ ಕಿತ್ತುಹಾಕದೆ ರಜೆ ಕೊಟ್ಟು ಚಿಕಿತ್ಸೆ ಕೊಡಿಸುವ ನಿಯಮ ಬೇಕು. ಮತ್ತು ಗೌರವಧನ ತಿಂಗಳು ತಿಂಗಳು ಬರಬೇಕು. ಆರು ತಿಂಗಳ ಬಾಕಿ ಒಟ್ಟಿಗೆ ಕೊಡುವುದಾದರೆ ಕೂಲಿಯವರು ಈ ಕೆಲಸಕ್ಕೆ ಬರುವುದಿಲ್ಲ, ಉಳ್ಳವರು ಮಾತ್ರ ಬರುತ್ತಾರೆ.

ಬಜೆಟ್ ಪೂರ್ವ ಸಭೆಗೆ ಮುಖ್ಯಮಂತ್ರಿಗಳು ರೈತರನ್ನು, ಉದ್ಯಮಿಗಳನ್ನು, ಬೇರೆ ಬೇರೆ ಸಂಘಗಳನ್ನು ಕರೆದು ಕೇಳುತ್ತಾರೆ. ಅಬಕಾರಿ ಗುರಿ ನಿಗದಿ ಮಾಡುವ ಮುಂಚೆ ಕುಡಿತ ಬಿಟ್ಟ ನಾಲ್ವರನ್ನು, ಮಾನಸಿಕ ಕಾಯಿಲೆಯಿಂದ ಗುಣವಾದ ನಾಲ್ವರನ್ನು, ಅವರ ಮನೆಯ ಹೆಣ್ಣುಮಕ್ಕಳನ್ನು ಒಮ್ಮೆ ಕರೆದು ಕೂರಿಸಿಕೊಳ್ಳಿ. ಆರೋಗ್ಯ ಸಚಿವರು ಮತ್ತು ಅಬಕಾರಿ ಸಚಿವರು ಇಬ್ಬರೂ ಆ ಸಭೆಯಲ್ಲಿರಲಿ. ಎಲ್ಲ ತಾಲ್ಲೂಕಿಗೂ ಒಮ್ಮೆಗೇ ಆಗದಿದ್ದರೆ ಮೊದಲ ವರ್ಷ ಚಿತ್ರದುರ್ಗ, ಬಳ್ಳಾರಿ ಜಿಲ್ಲೆಗಳಲ್ಲಾದರೂ ಶುರು ಮಾಡಲಿ. ನಮ್ಮ ತಾಲ್ಲೂಕಿನಿಂದ ಯಾರು ಬರಬಹುದು ಎಂಬ ಪಟ್ಟಿಯನ್ನು ನಾವೇ ಬರೆದು ಜಿಲ್ಲಾ ಆರೋಗ್ಯಾಧಿಕಾರಿಗಳ ಕಚೇರಿಗೆ ಕೊಡಲು ಸಿದ್ಧರಿದ್ದೇವೆ.

— ಹೊಲಿಗೆ ಅಂಗಡಿಯವರು, ಚಿತ್ರದುರ್ಗ ಜಿಲ್ಲೆ
(ಮನೆಯವರ ಮತ್ತು ನಮ್ಮಲ್ಲಿಗೆ ಬರುವವರ ಸಲುವಾಗಿ ಹೆಸರು, ಊರು ಪ್ರಕಟಿಸಬಾರದೆಂದು ವಿನಂತಿ)